ಎರಡು ಅರೆಪೀಪಾಯಿ ಹಿಟ್ಟು

ನೀವು ಅಮೆರಿಕದ ಶಾಲೆಯಲ್ಲಿ ಬೆಳೆದವರಾದರೆ, ಅಥವಾ ನಿಮ್ಮ ಮನೆಯಲ್ಲಿ ಮೂರನೆಯದೋ ನಾಲ್ಕನೆಯದೋ ಕ್ಲಾಸಿನ ಮಗು ಇದ್ದರೆ, ‘ಲಿಟಲ್ ಹೌಸ್ ಆನ್ ದ ಪ್ರೇರಿ’ ಪುಸ್ತಕ ಒಂದಲ್ಲ ಒಂದು ಸಲ ಕೈಗೆ ಬಂದಿರುತ್ತದೆ. ಬಿಳಿ ಬಟ್ಟೆಯ ಕಮಾನು ಹೊದಿಸಿದ ಬಂಡಿ, ಪಿಟೀಲು ಬಾರಿಸುವ ಅಪ್ಪ, ಬೆಣ್ಣೆ ಕಡೆಯುವ ಅಮ್ಮ, ಮರ ಕಡಿದು ತಾವೇ ಕಟ್ಟಿಕೊಂಡ ಮನೆ. ಯಾರ ಹಂಗೂ ಇಲ್ಲದ ಬದುಕು. ಇನ್ನು ದೊಡ್ಡವರ ಕಥೆ ಕೇಳಿ. ಕೋವಿಡ್ ಬಂದು ಹೋದ ಮೇಲೆ ನಮ್ಮ ಜನ ನಾಲ್ಕು ಮಂದಿ ಸೇರಿದ ಕಡೆಯಲ್ಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ: "ಸಾಕಪ್ಪ ಈ ಲ್ಯಾಪ್‌ಟಾಪ್ ಸಹವಾಸ. ಎಲ್ಲಾದರೂ ಐದು ಎಕರೆ ತಗೊಂಡು, ನಾಲ್ಕು ಕೋಳಿ, ಎರಡು ಮೇಕೆ ಸಾಕ್ಕೊಂಡು, ನಮ್ಮ ತರಕಾರಿ ನಾವೇ ಬೆಳ್ಕೊಂಡು ಇದ್ದುಬಿಡೋಣ."

ಹೀಗೆ ಬದುಕುವುದಕ್ಕೆ ಇಲ್ಲಿನವರು ಹೋಮ್‌ಸ್ಟೆಡಿಂಗ್ ಅನ್ನುತ್ತಾರೆ. ಈ ಪದಕ್ಕೆ ಇವತ್ತು ಇರುವ ಮೆರುಗು ಬಂದದ್ದು 1862ರ ಒಂದು ಕಾನೂನಿನಿಂದ, ಮತ್ತು ಆ ಕಾನೂನಿನಡಿ ಪಶ್ಚಿಮಕ್ಕೆ ಹೋದವರ ಬಗ್ಗೆ ಆಮೇಲೆ ಬರೆದ ಕಥೆಗಳಿಂದ. ಹಾಗಾದರೆ ಆ ಮೊದಲ ಹೋಮ್‌ಸ್ಟೆಡರ್‌ಗಳು ನಿಜವಾಗಿಯೂ ಯಾರ ಹಂಗೂ ಇಲ್ಲದೆ ಬದುಕಿದರಾ? ಅವರ ಕೈಯಲ್ಲಿ ಆಗದಿದ್ದರೆ, ಅದೇ ನೆಲದ ಮೇಲೆ ಬೇರೆ ಯಾರ ಕೈಯಲ್ಲಾದರೂ ಆಗಿತ್ತಾ? ಈ ಪ್ರಶ್ನೆ ಹಿಡಿದುಕೊಂಡು ಹೋಗೋಣ, ಬನ್ನಿ.

ಮೊದಲು ಕಾನೂನು. ಹಳ್ಳಿ ಕಡೆಯಿಂದ ಬಂದವರಿಗೆ ಬಗರ್‌ಹುಕುಂ ಅಂದರೆ ಗೊತ್ತು. ಗೊತ್ತಿಲ್ಲದವರಿಗೆ ಹೇಳ್ತೀನಿ: ಸರ್ಕಾರಿ ಜಮೀನನ್ನು ಯಾವ ಹುಕುಂ ಇಲ್ಲದೆ ಉಳುಮೆ ಮಾಡಿಕೊಂಡು ಬಂದು, ಆಮೇಲೆ ಅದನ್ನು ನಮ್ಮ ಹೆಸರಿಗೆ ಸಕ್ರಮ ಮಾಡಿಕೊಡಿ ಅಂತ ಅರ್ಜಿ ಹಾಕುವುದು. ಅಮೆರಿಕದಲ್ಲೂ ಇಂಥದ್ದೇ ನಡೆದಿತ್ತು. ಜನ ಸರ್ವೆ ಆಗುವುದಕ್ಕೂ ಮುಂಚೆ ಹೋಗಿ ಕೂತುಬಿಡುತ್ತಿದ್ದರು. 1841ರ ಪ್ರೀಎಂಪ್ಷನ್ ಕಾನೂನು ಅಂಥವರಿಗೆ ಎಕರೆಗೆ ಒಂದೂಕಾಲು ಡಾಲರ್ ಕೊಟ್ಟು ಜಮೀನು ಕೊಳ್ಳುವ ಮೊದಲ ಹಕ್ಕು ಕೊಟ್ಟಿತು. 1862ರ ಮೇ 20ರಂದು ಅಬ್ರಹಾಂ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾನೂನು ಒಂದು ಹೆಜ್ಜೆ ಮುಂದೆ ಹೋಗಿ, ಬೆಲೆಯನ್ನೇ ತೆಗೆದುಹಾಕಿತು. 21 ವರ್ಷ ತುಂಬಿದವರು ಅಥವಾ ಕುಟುಂಬದ ಯಜಮಾನರು 160 ಎಕರೆಗೆ ಅರ್ಜಿ ಹಾಕಬಹುದು. ಅರ್ಧ ಮೈಲಿ ಉದ್ದ, ಅರ್ಧ ಮೈಲಿ ಅಗಲದ ಚೌಕ ಅಂದುಕೊಳ್ಳಿ. ಅಲ್ಲಿ ಮನೆ ಕಟ್ಟಿ, ಐದು ವರ್ಷ ವಾಸವಿದ್ದು, ಸಾಗುವಳಿ ಮಾಡಿ, ಇಬ್ಬರು ಸಾಕ್ಷಿಗಳಿಂದ ಹೌದು ಅನ್ನಿಸಿದರೆ ಪಟ್ಟಾ ಕೈಗೆ ಬರುತ್ತಿತ್ತು. ಎಲ್ಲ ಸೇರಿ ಫೀಸು 18 ಡಾಲರ್.

ಮದುವೆಯಾಗದ ಹೆಂಗಸರು, ವಿಧವೆಯರು ಕೂಡ ತಮ್ಮದೇ ಹೆಸರಿನಲ್ಲಿ ಅರ್ಜಿ ಹಾಕಬಹುದಿತ್ತು. ಆ ಕಾಲಕ್ಕೆ ಅದು ಸಣ್ಣ ವಿಷಯ ಅಲ್ಲ. ಅರ್ಜಿದಾರ ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ಪ್ರಜೆಯಾಗುತ್ತೇನೆ ಅಂತ ಘೋಷಣೆ ಸಲ್ಲಿಸಿರಬೇಕು. ಈ ಷರತ್ತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಅದು ನಮ್ಮವರ ಕಡೆಗೇ ತಿರುಗುತ್ತದೆ.

ಕಾನೂನು ಜಾರಿಗೆ ಬಂದದ್ದು 1863ರ ಜನವರಿ 1ರಂದು. ನೆಬ್ರಾಸ್ಕಾದ ಬ್ರೌನ್‌ವಿಲ್ ಎಂಬ ಊರಿನಲ್ಲಿ ಡೇನಿಯಲ್ ಫ್ರೀಮನ್ ಎಂಬಾತ ಹೊಸವರ್ಷದ ಪಾರ್ಟಿಯಲ್ಲಿ ಭೂಕಚೇರಿಯ ಅಧಿಕಾರಿಯನ್ನು ಹಿಡಿದು, ಸೇನೆಗೆ ವಾಪಸ್ ಹೊರಡಬೇಕು ಅಂತ ಗೋಗರೆದು, ನಡುರಾತ್ರಿ ಕಳೆದ ಕೂಡಲೇ ಬಾಗಿಲು ತೆಗೆಸಿ ಅರ್ಜಿ ಹಾಕಿದ ಅಂತ ಕಥೆ ಇದೆ. ಆ ಒಂದೇ ದಿನ ದೇಶದಲ್ಲಿ 418 ಅರ್ಜಿಗಳು ಬಂದವು. ಬಿಯಾಟ್ರಿಸ್ ಊರಿನ ಹತ್ತಿರ ಅವನ ಜಮೀನು ಈಗ ರಾಷ್ಟ್ರೀಯ ಉದ್ಯಾನ. ಹೋದರೆ ಕಾರು ನಿಲ್ಲಿಸಿದ ಜಾಗವನ್ನು ಒಮ್ಮೆ ಸುತ್ತ ನೋಡಿ: ಆ ಪಾರ್ಕಿಂಗ್ ಸರಿಯಾಗಿ ಒಂದು ಎಕರೆ ಇದೆ. ಎಕರೆ ಅಂದರೆ ಎಷ್ಟು ಅಂತ ಗೊತ್ತಿಲ್ಲದೆ ಐದು ಎಕರೆಯ ಕನಸು ಕಾಣುವ ನಮ್ಮಂಥವರಿಗೆ ಒಳ್ಳೆ ಪಾಠ.

ಫ್ರೀಮನ್ ಅರ್ಜಿ ಹಾಕುವ ಆರು ದಿನ ಮುಂಚೆ, 1862ರ ಡಿಸೆಂಬರ್ 26ರಂದು, ಮಿನೆಸೋಟಾದ ಮ್ಯಾಂಕೇಟೋದಲ್ಲಿ ಡಕೋಟಾ ಜನಾಂಗದ 38 ಗಂಡಸರನ್ನು ಒಂದೇ ಕಟ್ಟೆಯ ಮೇಲೆ ಒಟ್ಟಿಗೆ ನೇಣು ಹಾಕಿದರು. ಅಮೆರಿಕದಲ್ಲಿ ಅಷ್ಟು ಜನರನ್ನು ಒಟ್ಟಿಗೆ ಗಲ್ಲಿಗೇರಿಸಿದ್ದು ಇನ್ನೊಂದಿಲ್ಲ. ಡಕೋಟಾಗಳು 1851ರ ಒಪ್ಪಂದಗಳಲ್ಲಿ ತಮ್ಮ ನೆಲವನ್ನು ಬಿಟ್ಟುಕೊಟ್ಟು, ಬದಲಿಗೆ ವರ್ಷವರ್ಷ ಬರಬೇಕಾದ ಹಣವನ್ನು ನಂಬಿಕೊಂಡಿದ್ದರು. 1862ರ ಬೇಸಿಗೆಯಲ್ಲಿ ಆ ಹಣ ಹೊತ್ತಿಗೆ ಬರಲಿಲ್ಲ. ಉಗ್ರಾಣದಲ್ಲಿ ಧಾನ್ಯ ಇದ್ದೂ ಸಾಲ ಕೊಡಲಿಲ್ಲ. ಹಸಿವಿನಿಂದ ಶುರುವಾದ ಯುದ್ಧ ಅದು. ನೂರಾರು ವಲಸೆಗಾರರೂ ಅದರಲ್ಲಿ ಸತ್ತರು. ಮರುವರ್ಷ ಡಕೋಟಾಗಳನ್ನು ಮಿನೆಸೋಟಾದಿಂದ ಹೊರಗೆ ಅಟ್ಟಿದರು. ಹೋಮ್‌ಸ್ಟೆಡ್ ಕಾನೂನು ಹಂಚಿದ ‘ಖಾಲಿ’ ಜಮೀನು ಖಾಲಿಯಾದದ್ದು ಹೀಗೆ.

ಈಗ ಲಾರಾಳ ಮನೆಗೆ ಬರೋಣ. ಲಾರಾ ಇಂಗಲ್ಸ್ ವೈಲ್ಡರ್ ಹುಟ್ಟಿದ್ದು 1867ರಲ್ಲಿ. ಅವಳ ಅಪ್ಪ ಚಾರ್ಲ್ಸ್ ಇಂಗಲ್ಸ್ 1869ರಲ್ಲಿ ಸಂಸಾರ ಕಟ್ಟಿಕೊಂಡು ಕಾನ್ಸಾಸ್‌ಗೆ ಹೋದ. ಪುಸ್ತಕದ ಆ ಪುಟ್ಟ ಮನೆ ಅಲ್ಲಿಯದು. ಆದರೆ ಆ ಜಾಗ ಆಗ ಓಸೇಜ್ ಜನಾಂಗದ ಮೀಸಲು ಪ್ರದೇಶ. ಅಲ್ಲಿ ಯಾರಿಗೂ ಹೋಮ್‌ಸ್ಟೆಡ್ ಹಕ್ಕು ಇರಲಿಲ್ಲ. ನಮ್ಮ ಭಾಷೆಯಲ್ಲಿ ನೇರವಾಗಿ ಹೇಳಬೇಕಂದರೆ ಒತ್ತುವರಿ. 1871ರಲ್ಲಿ ಅವರು ಅಲ್ಲಿಂದ ಹೊರಟರು. 1935ರಲ್ಲಿ ಪುಸ್ತಕ ಬಂದಾಗ ಅದರ ಒಂದು ವಾಕ್ಯ, ಇಂಡಿಯನ್ನರನ್ನು ಜನರ ಲೆಕ್ಕಕ್ಕೇ ಸೇರಿಸದ ಹಾಗೆ ಇತ್ತು. ಓದುಗರೊಬ್ಬರು ಆಕ್ಷೇಪಿಸಿದ ಮೇಲೆ 1953ರ ಮುದ್ರಣದಲ್ಲಿ ಒಂದು ಪದ ಬದಲಾಯಿತು.

1874ರಲ್ಲಿ ಈ ಸಂಸಾರ ಮಿನೆಸೋಟಾದ ವಾಲ್‌ನಟ್ ಗ್ರೋವ್ ಹತ್ತಿರ ಪ್ಲಮ್ ಕ್ರೀಕ್ ಎಂಬ ಹಳ್ಳದ ದಂಡೆಗೆ ಬಂತು. ಡಕೋಟಾಗಳನ್ನು ಅಟ್ಟಿ ಹನ್ನೊಂದು ವರ್ಷ ಆಗಿತ್ತು. ಮೊದಲು ದಂಡೆಯನ್ನು ಕೊರೆದು ಮಾಡಿದ ಮಣ್ಣಿನ ಗೂಡಿನಲ್ಲಿ ಇದ್ದರು. ಗೋಧಿ ಚೆನ್ನಾಗಿ ಬಂತು. ಕಟಾವಾದ ಮೇಲೆ ಕೊಡ್ತೀನಿ ಅಂತ ಚಾರ್ಲ್ಸ್ ಸಾಲದ ಮೇಲೆ ಮರದ ಹಲಗೆ, ಗಾಜಿನ ಕಿಟಕಿ ತಂದು ಮನೆ ಕಟ್ಟಿದ. ಬೆಳೆ ಇನ್ನೂ ಹೊಲದಲ್ಲಿರುವಾಗಲೇ ಸಾಲ ಮಾಡುವುದು! ನಮ್ಮ ಯಾವ ರೈತನಿಗೆ ಈ ಕಥೆ ಹೊಸದು?

ಆಮೇಲೆ ಮಿಡತೆ ಬಂದವು. ಒಂದೆರಡಲ್ಲ, ಮೋಡ ಕವಿದ ಹಾಗೆ. ರಾಕಿ ಬೆಟ್ಟಗಳ ಮಿಡತೆ ಅನ್ನುವ ಈ ಜಾತಿ 1870ರ ದಶಕದ ನಡುವಿನಲ್ಲಿ ಡಕೋಟಾದಿಂದ ಟೆಕ್ಸಾಸ್‌ವರೆಗೆ ಬಯಲನ್ನೆಲ್ಲ ಬೋಳಿಸಿತು. ಬೆಳೆ ತಿಂದವು, ಈರುಳ್ಳಿಯನ್ನು ನೆಲದೊಳಗಿನಿಂದ ತಿಂದು ತೂತು ಬಿಟ್ಟವು, ಕುದುರೆಯ ಜೀನು, ಒಣಗಲು ಹಾಕಿದ ಬಟ್ಟೆ, ಬೆವರಿನ ಉಪ್ಪು ಹತ್ತಿದ ಗುದ್ದಲಿಯ ಹಿಡಿಯನ್ನೂ ಬಿಡಲಿಲ್ಲ. ಮೊಟ್ಟೆ ಇಟ್ಟು ಹೋದದ್ದರಿಂದ ಮರುವರ್ಷವೂ ಅದೇ ಪಾಡು. ವಿಚಿತ್ರ ಅಂದರೆ, ಮೂವತ್ತೇ ವರ್ಷದಲ್ಲಿ ಆ ಮಿಡತೆಯ ಜಾತಿಯೇ ಭೂಮಿಯ ಮೇಲಿಂದ ಅಳಿದುಹೋಯಿತು. ಅವು ಮೊಟ್ಟೆ ಇಡುತ್ತಿದ್ದ ನದೀಬಯಲುಗಳನ್ನು ರೈತರು ಉತ್ತು ನೀರು ಹಾಯಿಸಿದ್ದೇ ಕಾರಣ ಅಂತ ಕೀಟ ವಿಜ್ಞಾನಿಗಳು ಅನ್ನುತ್ತಾರೆ. ಆದರೆ 1875ರಲ್ಲಿ ಚಾರ್ಲ್ಸ್‌ಗೆ ಅದು ಗೊತ್ತಿರಲು ಸಾಧ್ಯವಿಲ್ಲವಲ್ಲ. ಅವನು ಕೂಲಿ ಹುಡುಕಿಕೊಂಡು, ಮಿಡತೆ ಇಲ್ಲದ ಪೂರ್ವದ ಕಡೆಗೆ ನಡೆದುಕೊಂಡೇ ಹೋದ.

1875ರ ನವೆಂಬರ್ 30ರಂದು ಚಾರ್ಲ್ಸ್ ಇಂಗಲ್ಸ್ ಅಧಿಕಾರಿಯ ಮುಂದೆ ನಿಂತು, ತನ್ನ ಹತ್ತಿರ ಏನೂ ಇಲ್ಲ, ತಾನು ಪೂರ್ತಿ ನಿರ್ಗತಿಕ ಅಂತ ಬರೆದುಕೊಟ್ಟು ಸಹಿ ಹಾಕಿದ. ಅದಕ್ಕೆ ಬದಲಾಗಿ ರಾಜ್ಯ ಸರ್ಕಾರ ಅವನಿಗೆ ಕೊಟ್ಟದ್ದು ಎರಡು ಅರೆಪೀಪಾಯಿ ಹಿಟ್ಟು. ಬೆಲೆ 5 ಡಾಲರ್ 25 ಸೆಂಟ್. ತೂಕ ಸುಮಾರು 89 ಕೆಜಿ. ಹೊಸದಾಗಿ ಹುಟ್ಟಿದ ಗಂಡುಮಗುವೂ ಸೇರಿ ಮನೆಯಲ್ಲಿ ನಾಲ್ಕು ಮಕ್ಕಳು, ಎದುರಿಗೆ ಮಿನೆಸೋಟಾದ ಚಳಿಗಾಲ.

ಈ ಹಿಟ್ಟು ಲಾರಾಳ ಪುಸ್ತಕದಲ್ಲಿ ಇಲ್ಲ. ಮಿಡತೆ ಇದೆ, ಅಪ್ಪ ಹರಿದ ಬೂಟು ಹಾಕಿಕೊಂಡು ನಡೆದದ್ದು ಇದೆ, ಸರ್ಕಾರದ ಹಿಟ್ಟು ಮಾತ್ರ ಇಲ್ಲ. ಅವಮಾನದಿಂದ ಅಪ್ಪ ಮಗಳಿಗೆ ಹೇಳಿರಲಿಕ್ಕಿಲ್ಲ ಅಂತ ನಾನು ಅಂದುಕೊಳ್ಳುತ್ತೇನೆ. ಆ ಅವಮಾನವನ್ನು ಬೇಕಂತಲೇ ಕಟ್ಟಿದ್ದರು ಕೂಡ. 1876ರಲ್ಲಿ ಮಿನೆಸೋಟಾದ ಗವರ್ನರ್ ಆದ ಜಾನ್ ಪಿಲ್ಸ್‌ಬರಿಗೆ, ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಭಯ ಇತ್ತು. ಅವನು ಸಹಾಯದ ಹಣಕ್ಕಿಂತ ಪ್ರಾರ್ಥನೆಯ ಮೇಲೆ ಹೆಚ್ಚು ಭರವಸೆ ಇಟ್ಟು, 1877ರ ಏಪ್ರಿಲ್ 26ನ್ನು ಮಿಡತೆ ತೊಲಗಲಿ ಅಂತ ರಾಜ್ಯದ ಪ್ರಾರ್ಥನಾ ದಿನ ಎಂದು ಘೋಷಿಸಿದ. ಪಿಲ್ಸ್‌ಬರಿ ಅಂದ ಕೂಡಲೇ ಇಂಡಿಯನ್ ಅಂಗಡಿಯ ಚಪಾತಿ ಹಿಟ್ಟಿನ ಚೀಲ ಕಣ್ಣಿಗೆ ಬಂತಾ? ಅದೇ ಮನೆತನ. ಅಣ್ಣನ ಮಗ ಚಾರ್ಲ್ಸ್ ಪಿಲ್ಸ್‌ಬರಿ ಜೊತೆ ಸೇರಿ ಮಿನಿಯಾಪೊಲಿಸ್‌ನಲ್ಲಿ ಹಿಟ್ಟಿನ ಗಿರಣಿ ಕಟ್ಟಿದ್ದೂ ಇವನೇ. ಹೋಮ್‌ಸ್ಟೆಡರ್‌ಗಳು ಗೋಧಿ ಬೆಳೆದು ರೈಲಿಗೆ ಹಾಕುತ್ತಿದ್ದರು, ಗಿರಣಿಯವರು ಬೀಸುತ್ತಿದ್ದರು, ಹೋಮ್‌ಸ್ಟೆಡರ್‌ಗಳು ಅದೇ ಹಿಟ್ಟನ್ನು ಅಂಗಡಿಯಿಂದ ಕೊಂಡು ತರುತ್ತಿದ್ದರು.

ಸ್ವಾವಲಂಬನೆಯ ಚಿತ್ರ ಇಲ್ಲೇ ಬಿರುಕು ಬಿಡುತ್ತದೆ ನೋಡಿ. ನಮ್ಮ ಮನಸ್ಸಿನಲ್ಲಿರುವ ಹೋಮ್‌ಸ್ಟೆಡರ್ ತನ್ನ ಊಟ ತಾನೇ ಬೆಳೆಯುವವನು. ನಿಜವಾದ ಹೋಮ್‌ಸ್ಟೆಡರ್ ಮಾರುಕಟ್ಟೆಗೆ ಗೋಧಿ ಬೆಳೆಯಲು ಹೋದವನು. ಲಿಂಕನ್ ಸಹಿ ಹಾಕಿದ ಆ ಬೇಸಿಗೆಯಲ್ಲೇ, ಜುಲೈ 1ರಂದು, ಪೆಸಿಫಿಕ್ ರೈಲ್ವೆ ಕಾನೂನಿಗೂ ಸಹಿ ಬಿದ್ದಿತ್ತು. ರೈಲು ಕಂಪನಿಗಳಿಗೆ ಹಳಿಯ ಎರಡೂ ಬದಿಯಲ್ಲಿ ಪುಕ್ಕಟೆ ಜಮೀನು ಸಿಕ್ಕಿತು. ಅವರು ಯೂರೋಪಿನ ಹಳ್ಳಿಗಳವರೆಗೆ ಏಜೆಂಟರನ್ನು ಕಳಿಸಿ, ಬನ್ನಿ ಬನ್ನಿ ಅಂತ ಜನರನ್ನು ಕರೆತಂದರು. ಜನ ಬಂದರೆ ತಾನೇ ಬೋಗಿ ತುಂಬುವುದು? ಮರ ಇಲ್ಲದ ಬಯಲಿನಲ್ಲಿ ಬೇಲಿಗೆ ಮುಳ್ಳುತಂತಿ, ನೀರಿಗೆ ಗಾಳಿಗಿರಣಿ, ಛಾವಣಿಗೆ ಹಲಗೆ, ಒಲೆಗೆ ಕಲ್ಲಿದ್ದಲು, ಎಲ್ಲ ರೈಲಿನಲ್ಲೇ ಬರಬೇಕು. 1872ರಲ್ಲಿ ಶುರುವಾದ ಮಾಂಟ್‌ಗೊಮರಿ ವಾರ್ಡ್ ಕಂಪನಿ ಕ್ಯಾಟಲಾಗ್ ನೋಡಿ ಆರ್ಡರ್ ಮಾಡಿದರೆ ಸೂಜಿಯಿಂದ ಹಿಡಿದು ನೇಗಿಲಿನವರೆಗೆ ಕಳಿಸುತ್ತಿತ್ತು. ಆ ಕಾಲದ ಅಮೆಜಾನ್ ಅನ್ನಿ.

ನೆಬ್ರಾಸ್ಕಾದ ಕಸ್ಟರ್ ಕೌಂಟಿಯಲ್ಲಿ ಸಾಲಮನ್ ಬುಚರ್ ಎಂಬ ಫೋಟೋಗ್ರಾಫರ್ 1886ರಿಂದ ಇಂಥ ಸಂಸಾರಗಳ ಚಿತ್ರ ತೆಗೆದ. ತಾನೂ ಜಮೀನು ಹಿಡಿದು, ಆಗದೆ ಬಿಟ್ಟವನು ಅವನು. ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣಿನ ಹೆಂಟೆಗಳನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ಕಟ್ಟಿದ ಮನೆಗಳು. ಮಳೆ ಬಂದರೆ ಹೊರಗೆ ನಿಂತ ಮೇಲೂ ಎರಡು ದಿನ ಒಳಗೆ ತೊಟ್ಟಿಕ್ಕುತ್ತಿತ್ತಂತೆ. ಒಂದು ಫೋಟೋದಲ್ಲಿ ಬಟ್ಟಬಯಲಿನ ಮಧ್ಯೆ, ದನಗಳ ಮುಂದೆ, ಒಂದು ಚಂದದ ಆರ್ಗನ್ ವಾದ್ಯ ನಿಂತಿದೆ, ಪಕ್ಕದಲ್ಲಿ ಸಂಸಾರ. ಮನೆಯಾಕೆಗೆ ಊರಲ್ಲಿರುವ ನೆಂಟರಿಗೆ ತನ್ನ ಮಣ್ಣಿನ ಮನೆ ತೋರಿಸಲು ನಾಚಿಕೆ. ಆರ್ಗನ್ ಇದೆ ಅಂತ ತೋರಿಸಲೂ ಆಸೆ. ಅದಕ್ಕೇ ಅದನ್ನು ಹೊರಗೆ ಎಳೆಸಿದಳು. ಊರಿಗೆ ವಾಟ್ಸಾಪ್‌ನಲ್ಲಿ ಕಳಿಸುವ ಫೋಟೋದಲ್ಲಿ ಏನು ಕಾಣಬೇಕು, ಏನು ಕಾಣಬಾರದು ಅಂತ ಯೋಚಿಸುವ ನಮಗೆ ಈಕೆ ಅರ್ಥವಾಗದೆ ಇರುತ್ತಾಳಾ?

ಇಂಗಲ್ಸ್ ಸಂಸಾರಕ್ಕೆ ನಿಜವಾದ ಹೋಮ್‌ಸ್ಟೆಡ್ ಸಿಕ್ಕಿದ್ದು 1880ರಲ್ಲಿ, ಡಕೋಟಾ ಟೆರಿಟರಿಯ ಡಿ ಸ್ಮೆಟ್ ಎಂಬ ಹೊಸ ಊರಿನ ಪಕ್ಕ. ಅಲ್ಲಿಗೆ ಚಾರ್ಲ್ಸ್ ಹೋದದ್ದೂ ರೈಲು ಕಂಪನಿಯ ಸಂಬಳದ ನೌಕರನಾಗಿ, ಕೂಲಿಗಳ ಲೆಕ್ಕ ಬರೆಯುವ ಕೆಲಸಕ್ಕೆ. ಆ ವರ್ಷ ಅಕ್ಟೋಬರ್‌ನಲ್ಲೇ ಹಿಮಬಿರುಗಾಳಿ ಬೀಸಿತು. ಜನವರಿಯ ಹೊತ್ತಿಗೆ ಹಳಿ ಪೂರ್ತಿ ಮುಚ್ಚಿಹೋಗಿ ರೈಲು ನಿಂತಿತು. ಮತ್ತೆ ಬಂದದ್ದು ಮೇ ತಿಂಗಳಲ್ಲಿ. ನಡುವಿನ ತಿಂಗಳುಗಳಲ್ಲಿ ಊರಿನಲ್ಲಿ ಕಲ್ಲಿದ್ದಲು ಮುಗಿಯಿತು, ಸೀಮೆಎಣ್ಣೆ ಮುಗಿಯಿತು, ಹಿಟ್ಟು ಮುಗಿಯಿತು. ಒಣಹುಲ್ಲನ್ನು ಹಗ್ಗದ ಹಾಗೆ ಹೊಸೆದು ಒಲೆಗೆ ಹಾಕಿದರು. ಬಿತ್ತನೆಗೆ ಇಟ್ಟ ಗೋಧಿಯನ್ನು ಕಾಫಿ ಬೀಜ ಪುಡಿ ಮಾಡುವ ಕೈಯಂತ್ರದಲ್ಲಿ ಸರದಿಯ ಮೇಲೆ ಬೀಸಿದರು. ಲಾರಾ ಇದನ್ನು ‘ದ ಲಾಂಗ್ ವಿಂಟರ್’ನಲ್ಲಿ ಬರೆದಿದ್ದಾಳೆ. ಅವಳ ಪುಸ್ತಕಗಳಲ್ಲಿ ನನಗೆ ಇಷ್ಟವಾದದ್ದು ಅದೇ, ಯಾಕೆಂದರೆ ಅದರಲ್ಲಿ ಸುಳ್ಳು ಕಡಿಮೆ. ರೈಲು ನಿಂತರೆ ಊಟ ನಿಂತಿತು. ಯಾರ ಹಂಗೂ ಇಲ್ಲದ ಬದುಕು ಇದಾ?

ಅವಳ ಅಕ್ಕ ಮೇರಿ 1879ರಲ್ಲಿ ಕಣ್ಣು ಕಳೆದುಕೊಂಡಿದ್ದಳು. ಅವಳನ್ನು ಅಯೋವಾದ ಅಂಧರ ಕಾಲೇಜಿಗೆ ಕಳಿಸಲು ಇಡೀ ಮನೆ ಕಾಸು ಕಾಸು ಕೂಡಿಟ್ಟದ್ದು ಪುಸ್ತಕದಲ್ಲಿದೆ. ಮೇರಿಯ ಶಾಲೆಯ ಫೀಸು ಕಟ್ಟಿದ್ದು ಡಕೋಟಾ ಟೆರಿಟರಿಯ ಸರ್ಕಾರ. ಅದು ಪುಸ್ತಕದಲ್ಲಿ ಇಲ್ಲ. ಈ ಪುಸ್ತಕಗಳು ಬಂದದ್ದು 1932ರಿಂದ 1943ರವರೆಗೆ, ಅಂದರೆ ರೂಸ್‌ವೆಲ್ಟ್ ಸರ್ಕಾರ ಬಡವರಿಗೆ, ರೈತರಿಗೆ ನೆರವು ಕೊಡುತ್ತಿದ್ದ ಕಾಲದಲ್ಲಿ. ಲಾರಾಳಿಗೂ ಅದು ಹಿಡಿಸಲಿಲ್ಲ. ಅಮ್ಮನ ಬರಹವನ್ನು ತಿದ್ದಿ ತೀಡಿದ ಮಗಳು ರೋಸ್ ವೈಲ್ಡರ್ ಲೇನ್‌ಗಂತೂ ಆ ನೆರವಿನ ಮೇಲೆ ಕಡುಕೋಪ. ಹೀಗಾಗಿ ಹಿಟ್ಟು, ಫೀಸು ಇವೆಲ್ಲ ಜಾರಿಹೋಗಿ, ತನ್ನ ಕಾಲ ಮೇಲೆ ತಾನೇ ನಿಂತ ಸಂಸಾರ ಮಾತ್ರ ಉಳಿಯಿತು. 2017ರಲ್ಲಿ ಬಂದ ಕ್ಯಾರೊಲಿನ್ ಫ್ರೇಸರ್ ಅವರ ‘ಪ್ರೇರಿ ಫೈರ್ಸ್’ ಈ ಗಂಟನ್ನೆಲ್ಲ ಬಿಚ್ಚಿಡುತ್ತದೆ, ಓದಬಹುದಾದವರು ಓದಿ.

ಚಾರ್ಲ್ಸ್‌ಗೆ 1886ರಲ್ಲಿ ಪಟ್ಟಾ ಬಂತು. ಮರುವರ್ಷವೇ ಊರೊಳಗೆ ಮನೆ ಕಟ್ಟಿಕೊಂಡು ಬೇಸಾಯಕ್ಕೆ ಕೈಮುಗಿದ. ಲಾರಾ ಮತ್ತು ಅವಳ ಗಂಡ ಅಲ್ಮಾಂಜೋ ಬರ, ಸಾಲ, ಕಾಯಿಲೆಗಳಲ್ಲಿ ನುರಿದು, ಹಸುಗೂಸನ್ನೂ ಮನೆಯನ್ನೂ ಕಳೆದುಕೊಂಡು, 1894ರಲ್ಲಿ ಮಿಸೌರಿಗೆ ಹೊರಟುಹೋದರು. ಅವರೇನೂ ಅಪರೂಪದವರಲ್ಲ. ಒಟ್ಟು ಸುಮಾರು 40 ಲಕ್ಷ ಅರ್ಜಿಗಳಲ್ಲಿ ಪಟ್ಟಾವರೆಗೆ ಬಂದದ್ದು ಸುಮಾರು 16 ಲಕ್ಷ. ಹತ್ತರಲ್ಲಿ ಆರು ಜನ ಮಧ್ಯದಲ್ಲೇ ಬಿಟ್ಟರು. ಮಿಸೌರಿಯಲ್ಲಿ ಲಾರಾ ಹಲವು ವರ್ಷ ಮಾಡಿದ ಕೆಲಸ ಏನು ಗೊತ್ತಾ? ಅಲ್ಲಿನ ರೈತರ ಸಾಲ ಸಂಘದ ಕಾರ್ಯದರ್ಶಿ ಮತ್ತು ಖಜಾಂಚಿ. ಕೇಂದ್ರ ಸರ್ಕಾರದ ಕಡಿಮೆ ಬಡ್ಡಿ ಸಾಲವನ್ನು ರೈತರಿಗೆ ಕೊಡಿಸುವುದು.

ಸೋತವರೆಲ್ಲ ಸೋಮಾರಿಗಳೇನೂ ಅಲ್ಲ. 160 ಎಕರೆ ಎಂಬ ಲೆಕ್ಕವೇ ಮಳೆ ಬೀಳುವ ಪೂರ್ವದ ಸೀಮೆಯದು. ನೂರನೇ ರೇಖಾಂಶದ ಪಶ್ಚಿಮಕ್ಕೆ ವರ್ಷಕ್ಕೆ 20 ಇಂಚು ಮಳೆಯೂ ಇಲ್ಲ. ನಮ್ಮ ಚಳ್ಳಕೆರೆ, ಪಾವಗಡದ ಬಯಲನ್ನು ನೆನೆಸಿಕೊಳ್ಳಿ, ಅದರ ಮೇಲೆ ಆರು ತಿಂಗಳು ಹಿಮ ಸುರಿಯಿರಿ. ಜಾನ್ ವೆಸ್ಲಿ ಪಾವೆಲ್ 1878ರಲ್ಲೇ ವರದಿ ಕೊಟ್ಟು, ಅಲ್ಲಿ ದನ ಮೇಯಿಸಿ ಬದುಕಬೇಕಾದರೆ ಒಂದು ಸಂಸಾರಕ್ಕೆ 2,560 ಎಕರೆ ಬೇಕು, ನೀರನ್ನು ಜನ ಒಟ್ಟಾಗಿ ಹಂಚಿಕೊಳ್ಳಬೇಕು ಅಂದ. ಯಾರಿಗೆ ಬೇಕಿತ್ತು ಆ ಮಾತು? ನೇಗಿಲು ಹೋದ ಕಡೆ ಮಳೆಯೂ ಬರುತ್ತದೆ ಎಂಬ ಸಿದ್ಧಾಂತ ಆಗ ಜನಪ್ರಿಯವಾಗಿತ್ತು.

ಕಾನ್ಸಾಸ್‌ನ ನಿಕೋಡಿಮಸ್ ಊರಿನ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1877ರಲ್ಲಿ ಕೆಂಟಕಿಯಿಂದ ಬಂದ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಕಟ್ಟಿದ ಊರು ಅದು. ಮೊದಲ ಚಳಿಗಾಲದಲ್ಲಿ ಬೇಟೆಯಿಂದ ಮರಳುತ್ತಿದ್ದ ಓಸೇಜ್ ಜನ ತಮ್ಮ ಪಾಲಿನ ಮಾಂಸ ಕೊಟ್ಟು ಕಾಪಾಡಿದರು ಅಂತ ಊರಿನವರು ನೆನೆಯುತ್ತಾರೆ. ಲಾರಾಳ ಅಪ್ಪ ಒತ್ತುವರಿ ಮಾಡಿದ್ದು ಇದೇ ಓಸೇಜ್ ಜನರ ನೆಲವನ್ನು. ಹತ್ತು ವರ್ಷದಲ್ಲಿ ನಿಕೋಡಿಮಸ್‌ನಲ್ಲಿ ಶಾಲೆ, ಚರ್ಚು, ಪತ್ರಿಕೆ, ಬ್ಯಾಂಕು ಎಲ್ಲ ಆದವು. 1888ರಲ್ಲಿ ರೈಲು ನದಿಯ ಆಚೆ ದಡದಿಂದ ಹೋಯಿತು. ಅಂಗಡಿಗಳು ಆಚೆ ದಡಕ್ಕೆ ಹೋದವು, ಊರು ಬಡವಾಯಿತು.

ಹಾಗಾದರೆ ಆ ಬಯಲಿನಲ್ಲಿ ತಮ್ಮ ಊಟ ತಾವೇ ಬೆಳೆದು ಬದುಕಿದವರು ಯಾರೂ ಇರಲಿಲ್ಲವಾ? ಇದ್ದರು. ಈಗಿನ ಉತ್ತರ ಡಕೋಟಾದಲ್ಲಿ, ಮಿಸೌರಿ ನದಿಯ ದಂಡೆಯಲ್ಲಿ, ಮ್ಯಾಂಡನ್, ಹಿಡಾಟ್ಸಾ, ಅರಿಕಾರಾ ಜನ ಶತಮಾನಗಳಿಂದ ಬೇಸಾಯ ಮಾಡುತ್ತಿದ್ದರು. ಹೊಲ, ಬೀಜ, ಕಣಜ ಎಲ್ಲ ಹೆಂಗಸರ ಕೈಯಲ್ಲಿ. ಅವರಲ್ಲೊಬ್ಬರು ಮ್ಯಾಕ್ಸಿಡಿವಿಯಾಕ್. ಇಂಗ್ಲಿಷಿನಲ್ಲಿ ಬಫಲೋ ಬರ್ಡ್ ವುಮನ್ ಎಂದೇ ಪ್ರಸಿದ್ಧರು. ಅವರು ಮುಪ್ಪಿನಲ್ಲಿ ತಮ್ಮ ಬೇಸಾಯದ ವಿವರವನ್ನೆಲ್ಲ ಗಿಲ್ಬರ್ಟ್ ವಿಲ್ಸನ್ ಎಂಬ ಸಂಶೋಧಕನಿಗೆ ಹೇಳಿದರು, ಮಗ ತರ್ಜುಮೆ ಮಾಡಿದ. 1917ರಲ್ಲಿ ಅದು ಪುಸ್ತಕವಾಯಿತು.

ಆ ಪುಸ್ತಕ ಓದುವಾಗ ನನಗೆ ಎರಡು ಕಡೆ ಮೈ ಜುಮ್ಮೆಂದಿತು. ಒಂದು, ಜೋಳದ ಹೊಲದಲ್ಲಿ ಕಂಬ ನೆಟ್ಟು ಅಟ್ಟಣೆ ಕಟ್ಟಿ, ಅದರ ಮೇಲೆ ಹುಡುಗಿಯರು ಕೂತು ಕಾಗೆ ಓಡಿಸುತ್ತಾ ಪೈರಿಗೆ ಹಾಡು ಹೇಳುತ್ತಿದ್ದದ್ದು. ನಮ್ಮ ಕಡೆಯ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ ಕವಣೆ ಬೀಸಿ ಹಕ್ಕಿ ಕಾದವರಿಗೆ ಬೇರೆ ವಿವರಣೆ ಬೇಕಿಲ್ಲ. (ಅವರ ಜೋಳ ಅಂದರೆ ಮೆಕ್ಕೆಜೋಳ.) ಇನ್ನೊಂದು, ಹಗೇವು. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ನೆಲದೊಳಗೆ ಗುಂಡಿ ತೋಡಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಸರಿಯಾಗಿ ಅಂಥದ್ದು. ಬಾಯಿ ಕಿರಿದು, ಒಳಗೆ ಅಗಲ, ಇಳಿಯಲು ಏಣಿ ಬೇಕು. ಗೋಡೆಗೆ ಒಣಹುಲ್ಲು, ಅದರ ಪಕ್ಕ ಜಡೆ ಹೆಣೆದ ಜೋಳದ ತೆನೆ, ಮಧ್ಯೆ ಬಿಡಿಸಿದ ಕಾಳು, ತೇವ ತಾಗದಂತೆ ನಟ್ಟನಡುವೆ ಒಣಗಿಸಿದ ಕುಂಬಳದ ಹೋಳು. ಮೇಲೆ ಮಣ್ಣು ಮುಚ್ಚಿ ಗುರುತು ಸಿಗದ ಹಾಗೆ ಮಾಡಿದರೆ ಚಳಿಗಾಲಕ್ಕೆ ಭಯವಿಲ್ಲ.

ಆದರೆ ಗಮನಿಸಿ, ಇವರೂ ಒಂಟಿ ಮನೆಯ ಸ್ವಾವಲಂಬಿಗಳಲ್ಲ. ಅಕ್ಕತಂಗಿಯರು, ಅಜ್ಜಿ, ಮೊಮ್ಮಕ್ಕಳು ಕೂಡಿ ಒಂದು ಹೊಲ ಮಾಡುತ್ತಿದ್ದರು. ತೆನೆ ಸುಲಿಯುವ ದಿನ ಮನೆಯವರು ಊಟ ಹಾಕಿದರೆ ಊರ ಹುಡುಗರು ಬಂದು ಸುಲಿದುಕೊಡುತ್ತಿದ್ದರು. ಹೆಚ್ಚಾದ ಜೋಳವನ್ನು ಬಯಲಿನ ಬೇಟೆಗಾರರಿಗೆ ಕೊಟ್ಟು ಮಾಂಸ, ಚರ್ಮ ತಗೊಳ್ಳುತ್ತಿದ್ದರು. 160 ಎಕರೆಯ ಮಧ್ಯೆ ಒಂದು ಮನೆ, ಅರ್ಧ ಮೈಲಿ ಆಚೆ ಇನ್ನೊಂದು ಮನೆ ಎಂಬ ಹೋಮ್‌ಸ್ಟೆಡ್ ಕಾನೂನಿನ ನಕ್ಷೆಗೂ ಇದಕ್ಕೂ ಅಜಗಜಾಂತರ. ಸರ್ಕಾರ ಇವರ ಮೇಲೂ ಆ ನಕ್ಷೆಯನ್ನೇ ಹೇರಿತು. 1887ರ ಡಾಸ್ ಕಾನೂನು ಬುಡಕಟ್ಟುಗಳ ಸಮುದಾಯದ ಭೂಮಿಯನ್ನು ತುಂಡು ಮಾಡಿ, ಸಂಸಾರದ ಯಜಮಾನನಿಗೆ 160 ಎಕರೆಯಂತೆ ಹಂಚಿ, ಉಳಿದದ್ದನ್ನು ‘ಹೆಚ್ಚುವರಿ’ ಎಂದು ಹೊರಗಿನವರಿಗೆ ತೆರೆಯಿತು. 1887ರಲ್ಲಿ 13.8 ಕೋಟಿ ಎಕರೆ ಇದ್ದ ಅವರ ನೆಲ 1934ಕ್ಕೆ 4.8 ಕೋಟಿಗೆ ಇಳಿಯಿತು. ಹಿಡಾಟ್ಸಾ ಹೆಂಗಸರು ಉತ್ತ ನದೀಬಯಲು 1953ರಲ್ಲಿ ಗ್ಯಾರಿಸನ್ ಅಣೆಕಟ್ಟಿನ ನೀರಿನಡಿ ಹೋಯಿತು. ಶರಾವತಿ ಹಿನ್ನೀರಿನ ಕಡೆಯವರು ಇದನ್ನು ಓದುತ್ತಿದ್ದರೆ, ಅವರಿಗೆ ನಾನು ಹೇಳುವುದು ಏನೂ ಇಲ್ಲ.

ಈಗ ಮೊದಲು ಹೇಳಿದ ಆ ಷರತ್ತಿಗೆ ಬರೋಣ, ಪ್ರಜೆಯಾಗಲು ಅರ್ಹನಾಗಿರಬೇಕು ಎಂಬುದಕ್ಕೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಆದ್ದರಿಂದ ಪ್ರಜೆಗಳಾಗಲು ಅರ್ಹರಲ್ಲ ಅಂದಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟಿದ್ದವರು. ಆ ತೀರ್ಪಿನೊಂದಿಗೆ ಹೋಮ್‌ಸ್ಟೆಡ್‌ನ ಬಾಗಿಲೂ ಮುಚ್ಚಿತು. ಕ್ಯಾಲಿಫೋರ್ನಿಯಾದಲ್ಲಂತೂ ಪಂಜಾಬಿ ರೈತರು ದುಡ್ಡು ಕೊಟ್ಟು ಜಮೀನು ಕೊಳ್ಳುವಂತೆಯೂ ಇರಲಿಲ್ಲ. ಬೇರೆಯವರ ಹೆಸರಿನಲ್ಲಿ, ಇಲ್ಲೇ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಇಟ್ಟುಕೊಂಡು ದುಡಿದರು. ಭಾರತೀಯರಿಗೆ ಪೌರತ್ವದ ಹಕ್ಕು ಬಂದದ್ದು 1946ರಲ್ಲಿ. ಅಷ್ಟರೊಳಗೆ ಹಂಚುವ ಕೆಲಸ ಬಹುಪಾಲು ಮುಗಿದಿತ್ತು: ಒಟ್ಟು 27 ಕೋಟಿ ಎಕರೆ, ದೇಶದ ಹತ್ತನೇ ಒಂದು ಭಾಗ. 1976ರಲ್ಲಿ ಕಾನೂನು ರದ್ದಾಯಿತು, ಅಲಾಸ್ಕಾದಲ್ಲಿ ಮಾತ್ರ ಇನ್ನು ಹತ್ತು ವರ್ಷ ಉಳಿಯಿತು.

ಹಾಗಂತ ಆ ನೆಲದ ಪಾಲು ನಮಗೆ ಬರಲೇ ಇಲ್ಲ ಅನ್ನುವ ಹಾಗಿಲ್ಲ. 1862ರ ಜುಲೈ 2ರಂದು ಲಿಂಕನ್ ಇನ್ನೊಂದು ಕಾನೂನಿಗೆ ಸಹಿ ಹಾಕಿದ್ದ, ಮಾರಿಲ್ ಕಾನೂನು. ಇದೇ ರೀತಿ ಖಾಲಿ ಮಾಡಿಸಿದ ಜಮೀನನ್ನು ರಾಜ್ಯಗಳಿಗೆ ಕೊಟ್ಟು, ಮಾರಿ ಬಂದ ಹಣದಲ್ಲಿ ಕೃಷಿ ಮತ್ತು ಎಂಜಿನಿಯರಿಂಗ್ ಕಾಲೇಜು ನಡೆಸಿ ಅಂದದ್ದು. ಪರ್ಡ್ಯೂ, ಅಯೋವಾ ಸ್ಟೇಟ್, ಕಾನ್ಸಾಸ್ ಸ್ಟೇಟ್, ಟೆಕ್ಸಾಸ್ ಎ ಅಂಡ್ ಎಂ ಎಲ್ಲ ಅಂಥವೇ. ನೀವೋ, ನಿಮ್ಮ ಅಪ್ಪನೋ ಎಂಎಸ್ ಮಾಡಲು ಬಂದು ಇಳಿದದ್ದು ಇವುಗಳಲ್ಲಿ ಒಂದಕ್ಕೇ ಇರಬಹುದು, ಅಲ್ವಾ? ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದದ್ದೂ ಇದೇ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನಿಂದ.

ಐದು ಎಕರೆ ತಗೊಳ್ಳುವವರನ್ನು ನಾನು ತಡೆಯುವುದಿಲ್ಲ. ತಗೊಳ್ಳಿ. ಕೋಳಿ ಸಾಕಿ. ಜಾಗ ನೋಡಲು ಹೋದಾಗ ಮಣ್ಣು, ಬಾವಿ ನೋಡುವುದರ ಜೊತೆಗೆ ಪಕ್ಕದ ಮನೆ ಎಷ್ಟು ದೂರ ಅಂತಲೂ ನೋಡಿ. ಆ ಕೌಂಟಿಯಲ್ಲಿ ಮೊದಲು ಯಾರಿದ್ದರು, ಅವರು ಏನು ಬೆಳೆಯುತ್ತಿದ್ದರು ಅಂತ ಲೈಬ್ರರಿಯಲ್ಲಿ ಕೇಳಿ. ಬಿತ್ತನೆಗೆ ಅದಕ್ಕಿಂತ ಒಳ್ಳೆಯ ಸಲಹೆ ಸಿಗುವುದು ಕಷ್ಟ. ಬಿಸ್ಮಾರ್ಕ್ ಊರಿನ ಬೀಜದ ವ್ಯಾಪಾರಿ ಆಸ್ಕರ್ ವಿಲ್‌ಗೆ ಅದು ಗೊತ್ತಿತ್ತು. 1880ರ ದಶಕದಲ್ಲಿ ಸನ್ ಆಫ್ ಸ್ಟಾರ್ ಎಂಬ ಹಿಡಾಟ್ಸಾ ವ್ಯಕ್ತಿ ಅವನಿಗೆ ಒಂದು ಚೀಲ ಬಿಳಿ ಹುರುಳಿಕಾಯಿ ಬೀಜ ಕೊಟ್ಟ. ಚಳಿಯನ್ನೂ ಬರವನ್ನೂ ತಡೆದು, ಬೇಗ ಕಾಯಿ ಕಟ್ಟುವ ಬೀಜ. ವಿಲ್ ಅದನ್ನು ಬೆಳೆಸಿ, ಕ್ಯಾಟಲಾಗಿಗೆ ಹಾಕಿ, ಬಯಲಿನ ಹೋಮ್‌ಸ್ಟೆಡರ್‌ಗಳಿಗೆಲ್ಲ ಮಾರಿದ. ಈಗಲೂ ಯಾವ ಅಂಗಡಿಗೆ ಹೋದರೂ ಒಂದೆರಡು ಡಾಲರ್‌ಗೆ ಸಿಗುತ್ತದೆ, ಗ್ರೇಟ್ ನಾರ್ದರ್ನ್ ಬೀನ್ಸ್ ಅಂತ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಮೆತ್ತಗೆ ಬೇಯಿಸಿ, ಹುಳಿಗೆ ಹಾಕಿ. ಅವರೆಕಾಳು ಸಿಗದ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಮಾಡುವುದು ಅದನ್ನೇ.